ಮುಗೀತಾ ಮಿಸ್?

2025ರ ಜುಲೈ ತಿಂಗಳ ಕೊನೆಯ ವಾರ. ಒಂಬತ್ತನೆಯ ತರಗತಿಗೆ ಸಮಾಜ ವಿಜ್ಞಾನದ ಪಾಠ. ಊಟದ ನಂತರದ ಪೀರಿಯಡ್ಡು ಎಂದರೆ ಮಕ್ಕಳಿಗೂ ತೂಕಡಿಕೆ, ಮೇಷ್ಟರಿಗೂ ತೂಕಡಿಕೆ. ಬೋರ್ಡಿನ ಮೇಲೆ ತಾರೀಕು ಬರೆದು ತಿರುಗುವಷ್ಟರಲ್ಲಿ ಮೂರನೆಯ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಿದ್ದಳು.

“ಮಿಸ್, ಪಹಲ್ಗಾಮ್‌ನಲ್ಲಿ ಅಷ್ಟು ಜನಾನ ಕೊಂದ್ರಲ್ಲ, ಅವರನ್ನ ಮಿಲಿಟರಿಯೋರು ಹೊಡೆದು ಹಾಕಿದ್ರಂತೆ. ಅವರ ಲೀಡರೂ ಸತ್ತನಂತೆ. ಹಾಗಾದ್ರೆ ಇನ್ನು ಮುಗೀತಾ ಮಿಸ್?”

ಏಪ್ರಿಲ್ 22ರಂದು ಪಹಲ್ಗಾಮ್‌ನಲ್ಲಿ 26 ಮಂದಿಯನ್ನು ಕೊಂದದ್ದು, ಹೆಂಡತಿಯರ ಕಣ್ಣೆದುರಿಗೇ ಗಂಡಂದಿರಿಗೆ ಗುಂಡು ಹೊಡೆದದ್ದು, ಸತ್ತವರಲ್ಲಿ ನಮ್ಮ ಶಿವಮೊಗ್ಗದವರೂ ಇದ್ದದ್ದು ಎಲ್ಲರಿಗೂ ಗೊತ್ತು. ಆಗ ಬೇಸಿಗೆ ರಜೆ. ಮಕ್ಕಳೆಲ್ಲ ಮನೆಯಲ್ಲಿ ಟಿ.ವಿ. ಮುಂದೆ ಕುಳಿತು ನೋಡಿದ್ದರು. ಜುಲೈ 28ರಂದು ಶ್ರೀನಗರದ ಹತ್ತಿರದ ಕಾಡಿನಲ್ಲಿ ಆ ಮೂವರು ಹಂತಕರು ಸತ್ತ ಸುದ್ದಿ ಬಂತು. ಹುಡುಗಿಯ ಪ್ರಶ್ನೆಯಲ್ಲಿ ತಪ್ಪೇನಿದೆ? ಲೆಕ್ಕದ ಪಾಠದಲ್ಲಿ ಕಳೆದರೆ ಉಳಿಯುವುದು ಸೊನ್ನೆ ಎಂದು ನಾವೇ ಹೇಳಿಕೊಟ್ಟಿರುತ್ತೇವಲ್ಲ.

ನಾನು, “ಹೂಂ, ಮುಗೀತು ಕಣಮ್ಮ. ಕೂತ್ಕೋ, ಪುಸ್ತಕ ತೆಗಿ” ಎಂದೆ. ಅವಳು ಸಮಾಧಾನದಿಂದ ಕುಳಿತಳು. ನನಗೆ ಮಾತ್ರ ಆ ದಿನವೆಲ್ಲ ಸಮಾಧಾನವಿರಲಿಲ್ಲ. ಮೂವತ್ತು ವರ್ಷ ಪಾಠ ಹೇಳಿದವಳು ಒಂದು ಮಗುವಿಗೆ ಗೊತ್ತಿದ್ದೂ ಗೊತ್ತಿದ್ದೂ ಸುಳ್ಳು ಹೇಳಿದ್ದೆ. ಏಕೆಂದರೆ ಆ ಪ್ರಶ್ನೆಯನ್ನು ಅವಳಿಗಿಂತ ಎಷ್ಟೋ ಮೊದಲು ನಾನೇ ಕೇಳಿದ್ದೆ.

ಆಗ 1991. ನಾನು ಬಿ.ಎ. ಮುಗಿಸಿ ಬಿ.ಎಡ್. ಮಾಡಲೆಂದು ಬೆಂಗಳೂರಿಗೆ ಹೋಗಿ ಜಯನಗರದ ಚಿಕ್ಕಮ್ಮನ ಮನೆಯಲ್ಲಿದ್ದೆ. ಮೇ 21ರಂದು ಶ್ರೀಪೆರುಂಬುದೂರಿನಲ್ಲಿ ರಾಜೀವ್ ಗಾಂಧಿಯವರ ಹತ್ಯೆಯಾಗಿತ್ತು. ಸಂಚಿನ ಮುಂದಾಳು ಎಲ್.ಟಿ.ಟಿ.ಇ.ಯ ಒಕ್ಕಣ್ಣ ಶಿವರಸನ್‌ಗಾಗಿ ದೇಶವಿಡೀ ಹುಡುಕಾಟ. ಅವನ ಚಿತ್ರ ಪತ್ರಿಕೆಗಳಲ್ಲಿ ಬಂದು ಬಂದು, ರಸ್ತೆಯಲ್ಲಿ ಕಪ್ಪು ಕನ್ನಡಕ ಹಾಕಿದವರನ್ನೆಲ್ಲ ನಾವು ಎರಡೆರಡು ಸಲ ನೋಡುವಂತಾಗಿತ್ತು. ಆಗಸ್ಟ್‌ನಲ್ಲಿ ಸುದ್ದಿ ಬಂತು: ಅವನು ಬೆಂಗಳೂರಿನಲ್ಲೇ ಇದ್ದಾನೆ, ಕೋಣನಕುಂಟೆಯ ಒಂದು ಮನೆಯನ್ನು ಪೊಲೀಸರು ಸುತ್ತುವರಿದಿದ್ದಾರೆ!

ಕೋಣನಕುಂಟೆ ಆಗ ಊರ ಹೊರಗಿನ ಹಳ್ಳಿ. ಚಿಕ್ಕಪ್ಪ ಸ್ಕೂಟರ್ ಹತ್ತಿ ನೋಡಲು ಹೊರಟರೆ ಚಿಕ್ಕಮ್ಮ ಬೀಗದ ಕೈಯನ್ನು ಸೆರಗಿಗೆ ಕಟ್ಟಿಕೊಂಡು ಅಡಿಗೆಮನೆ ಸೇರಿದರು. ಆಗಸ್ಟ್ 20ರ ಬೆಳಿಗ್ಗೆ ಕಮಾಂಡೋಗಳು ಒಳಗೆ ನುಗ್ಗಿದಾಗ ಏಳು ಮಂದಿಯೂ ಹೆಣವಾಗಿದ್ದರು. ಶಿವರಸನ್ ತಲೆಗೆ ಗುಂಡು ಹೊಡೆದುಕೊಂಡಿದ್ದ, ಉಳಿದವರು ಸೈನೈಡ್ ನುಂಗಿದ್ದರು. ಅಂದು ರಾಜೀವ್ ಗಾಂಧಿಯವರ ಹುಟ್ಟಿದ ದಿನ. ದೇವರ ಲೆಕ್ಕ ಎಂದರು ಜನ. ಚಿಕ್ಕಮ್ಮ ದೇವರಿಗೆ ತುಪ್ಪದ ದೀಪ ಹಚ್ಚಿದರು. “ಸದ್ಯ, ಇನ್ನು ಮುಗೀತಲ್ಲ ಚಿಕ್ಕಮ್ಮ?” ಎಂದು ಕೇಳಿದವಳು ನಾನು. “ಮುಗೀತು ಕಣೇ” ಎಂದರು ಅವರು. ಅವರೂ ನನ್ನ ಹಾಗೇ ನನ್ನನ್ನು ಸಮಾಧಾನ ಮಾಡಲು ಹೇಳಿದರೋ, ನಿಜಕ್ಕೂ ಹಾಗೆಂದು ನಂಬಿದ್ದರೋ ಕೇಳೋಣವೆಂದರೆ ಈಗ ಅವರಿಲ್ಲ.

ಮುಗಿಯಲಿಲ್ಲ. 1993ರ ಮೇ ಒಂದರಂದು ಶ್ರೀಲಂಕಾದ ಅಧ್ಯಕ್ಷ ಪ್ರೇಮದಾಸ ಅದೇ ಬಗೆಯ ಆತ್ಮಹತ್ಯಾ ಬಾಂಬಿಗೆ ಬಲಿಯಾದರು. 1996ರ ಜನವರಿಯಲ್ಲಿ ಕೊಲಂಬೊದ ಸೆಂಟ್ರಲ್ ಬ್ಯಾಂಕಿಗೆ ಸ್ಫೋಟಕ ತುಂಬಿದ ಲಾರಿ ನುಗ್ಗಿಸಿ ಸುಮಾರು 90 ಜನರನ್ನು ಕೊಂದರು. ಆಗ ನಾನು ಕೆಲಸಕ್ಕೆ ಸೇರಿ ಮದುವೆಯೂ ಆಗಿ ತಿಪಟೂರಿಗೆ ಬಂದಿದ್ದೆ. ಪತ್ರಿಕೆ ಓದುತ್ತಾ ಇವರು ಹೇಳಿದರು, “ಶಿವರಸನ್ ಬರೀ ಕೈ ಕಣೇ. ತಲೆ ಪ್ರಭಾಕರನ್ ಅಲ್ಲಿ ಕಾಡಿನಲ್ಲಿ ಕೂತಿದ್ದಾನೆ. ತಲೆ ಹೋಗೋವರೆಗೂ ಇದು ನಿಲ್ಲೋದಿಲ್ಲ.” ಅದೂ ಸರಿಯೆನ್ನಿಸಿತು.

ತಲೆ ಹೋದದ್ದು 2009ರ ಮೇ ತಿಂಗಳಲ್ಲಿ. ಕಡಲಂಚಿನ ಮುಳ್ಳೈತೀವಿನಲ್ಲಿ ಪ್ರಭಾಕರನ್ ಸತ್ತ. ಅಂದಿನಿಂದ ಆ ನಾಡಿನಲ್ಲಿ ಹುಲಿಗಳ ಯುದ್ಧ ಮತ್ತೆ ಎದ್ದಿಲ್ಲ. “ನೋಡಿದೆಯಾ, ನಾನು ಹೇಳಿರಲಿಲ್ಲವೇ?” ಎಂದರು ಇವರು. ಇವರ ಮಾತು ನಿಜವಾಗುವುದೇ ಅಪರೂಪ, ಹಾಗಾಗಿ ಒಪ್ಪಿಕೊಂಡುಬಿಟ್ಟೆ.

ಆದರೆ ಸಮಾಜ ವಿಜ್ಞಾನದ ಮೇಷ್ಟರ ಬುದ್ಧಿ ಸುಮ್ಮನಿರುವುದಿಲ್ಲ. ಅಲ್ಲಿ ಒಬ್ಬನ ತಲೆ ಮಾತ್ರವೇ ಹೋದದ್ದು? ಅವನ ಸೈನ್ಯ, ಅವನ ಹಡಗು, ಅವನ ನಂತರದ ಸಾಲಿನ ನಾಯಕರು ಎಲ್ಲ ಮೊದಲು ಹೋಗಿ ಕೊನೆಗೆ ಅವನು ಹೋದ. ಯುದ್ಧ ಮುಗಿದದ್ದರಿಂದ ಅವನು ಸತ್ತನೇ ಹೊರತು ಅವನು ಸತ್ತದ್ದರಿಂದ ಯುದ್ಧ ಮುಗಿಯಲಿಲ್ಲ. ಅವನ ಜೊತೆಗೆ, ಮಧ್ಯೆ ಸಿಕ್ಕಿಬಿದ್ದ ಬಡವರೆಷ್ಟು! ಕೊನೆಯ ತಿಂಗಳುಗಳಲ್ಲಿ ಸತ್ತ ಸಾಮಾನ್ಯ ಜನ 40,000ದವರೆಗೂ ಇರಬಹುದೆಂದು ವಿಶ್ವಸಂಸ್ಥೆಯ ತಜ್ಞರ ಸಮಿತಿ 2011ರಲ್ಲಿ ಹೇಳಿತು. ಅಲ್ಲಿನ ಸರ್ಕಾರ ಅದನ್ನು ಒಪ್ಪಲಿಲ್ಲ. 2017ರಲ್ಲಿ ಕಿಳಿನೊಚ್ಚಿ, ವವುನಿಯಾಗಳಲ್ಲಿ ತಾಯಂದಿರು ರಸ್ತೆ ಬದಿಯಲ್ಲಿ ಚಪ್ಪರ ಹಾಕಿಕೊಂಡು ಕುಳಿತರು. ಪ್ರತಿಯೊಬ್ಬಳ ಕೈಯಲ್ಲೂ ಒಂದೊಂದು ಫೋಟೋ. ಕಾಣೆಯಾದ ಮಗ ಬದುಕಿದ್ದಾನೋ ಸತ್ತನೋ ಅಷ್ಟಾದರೂ ಹೇಳಿ ಎಂಬುದೇ ಬೇಡಿಕೆ. ವರ್ಷಗಟ್ಟಲೆ ಕುಳಿತರು. ಕುಳಿತಲ್ಲೇ ಕೆಲವರು ಮುದುಕಿಯರಾದರು, ಕೆಲವರು ಸತ್ತರು. ಮಳೆ ನಿಂತರೂ ಮರದ ಹನಿ ನಿಲ್ಲಲಿಲ್ಲ.

ಇಷ್ಟಕ್ಕೂ ಪ್ರಭಾಕರನ್ ಆಕಾಶದಿಂದ ಉದುರಿದವನಲ್ಲ. 1956ರಲ್ಲಿ ಸಿಂಹಳವೊಂದೇ ಆಡಳಿತ ಭಾಷೆ ಎಂದು ಕಾನೂನಾಯಿತು. 1970ರ ದಶಕದಲ್ಲಿ ವಿಶ್ವವಿದ್ಯಾಲಯದ ಸೀಟಿಗೆ ತಮಿಳು ಮಾಧ್ಯಮದ ಹುಡುಗರು ಸಿಂಹಳ ಹುಡುಗರಿಗಿಂತ ಹೆಚ್ಚು ಅಂಕ ತೆಗೆಯಬೇಕೆಂಬ ನಿಯಮ ಬಂತು. 1981ರಲ್ಲಿ ಜಾಫ್ನಾದ ಲೈಬ್ರರಿಗೆ ಬೆಂಕಿ ಹಚ್ಚಿದರು. ಸುಮಾರು 97,000 ಪುಸ್ತಕಗಳು ಬೂದಿಯಾದವು. 1983ರ ಜುಲೈನಲ್ಲಿ ಹುಲಿಗಳು 13 ಸೈನಿಕರನ್ನು ಕೊಂದಾಗ ಕೊಲಂಬೊದಲ್ಲಿ ತಮಿಳರ ಮನೆ, ಅಂಗಡಿಗಳನ್ನು ಸುಟ್ಟು, ಸಿಕ್ಕವರನ್ನು ಕೊಂದರು. ಇದರಿಂದ ಹುಲಿಗಳು ಮಾಡಿದ್ದು ಸರಿಯಾಗಿಬಿಡುವುದಿಲ್ಲ. ತಮ್ಮವರೇ ಆದ ತಮಿಳು ನಾಯಕರನ್ನು ಅವರು ಕೊಂದರು, ಶಾಲೆಗೆ ಹೋಗುವ ಮಕ್ಕಳ ಕೈಗೆ ಬಂದೂಕು ಕೊಟ್ಟರು. ಒಬ್ಬ ಟೀಚರಾಗಿ ಅದನ್ನು ನಾನು ಎಂದಿಗೂ ಕ್ಷಮಿಸಲಾರೆ. ಆದರೆ ಆ ಮಗು ಬಂದೂಕು ಹಿಡಿಯಲು ಹೋದ ದಾರಿಯಲ್ಲಿ ಒಂದು ಅಂಕಪಟ್ಟಿಯೂ ಒಂದು ಸುಟ್ಟ ಲೈಬ್ರರಿಯೂ ಇದ್ದವು ಎಂಬುದನ್ನು ಮರೆಯುವುದು ಹೇಗೆ?

ಅದೇ ಶ್ರೀಲಂಕಾದಲ್ಲಿ ಯುದ್ಧ ಮುಗಿದು ಹತ್ತು ವರ್ಷವಾಗುವ ಹೊತ್ತಿಗೆ, 2019ರ ಏಪ್ರಿಲ್ 21ರ ಈಸ್ಟರ್ ಭಾನುವಾರ, ಚರ್ಚುಗಳಲ್ಲೂ ಹೋಟೆಲುಗಳಲ್ಲೂ ಬಾಂಬುಗಳು ಸಿಡಿದು 250ಕ್ಕೂ ಹೆಚ್ಚು ಜನ ಸತ್ತರು. ಇವರು ಹುಲಿಗಳಲ್ಲ, ಬೇರೆಯ ಜನ, ಬೇರೆಯ ದ್ವೇಷ. ಲೋಕಸಭಾ ಚುನಾವಣೆಯ ಕೆಲಸ ಮುಗಿಸಿ ನಾಲ್ಕು ದಿನ ಸುತ್ತಾಡಿ ಬರೋಣವೆಂದು ಹೋಗಿದ್ದ ನಮ್ಮ ಕರ್ನಾಟಕದ ಕೆಲವರು ಕೊಲಂಬೊದ ಒಂದು ಹೋಟೆಲಿನಲ್ಲಿ ಸತ್ತರು. ಆ ಗುಂಪಿನ ನಾಯಕ ತಾನೂ ಬಾಂಬು ಕಟ್ಟಿಕೊಂಡು ಅಲ್ಲೇ ಸತ್ತ. ಸಾಯಲು ತಾನೇ ಹೊರಟ ನಾಯಕನನ್ನು ಕೊಂದು ಹೆದರಿಸುವುದು ಹೇಗೆ?

ಈ ಮಧ್ಯೆ ಇನ್ನೊಂದು ದಿನ ನೆನಪಾಗುತ್ತದೆ. 2011ರ ಮೇ 2. ಬೇಸಿಗೆ ರಜೆ. ತಾರಸಿಯ ಮೇಲೆ ಹಳೆಯ ಸೀರೆ ಹರಡಿ ನಮ್ಮತ್ತೆ ಮತ್ತು ನಾನು ಅಕ್ಕಿ ಸಂಡಿಗೆ ಇಡುತ್ತಿದ್ದೆವು. ಒಸಾಮ ಬಿನ್ ಲಾಡೆನ್ ಸತ್ತನಂತೆ ಎಂದು ಮಗಳು ಮೆಟ್ಟಿಲು ಹತ್ತಿ ಕೂಗಿಕೊಂಡು ಬಂದಳು. ಪಾಕಿಸ್ತಾನದ ಅಬೋಟಾಬಾದ್‌ನಲ್ಲಿ, ಅಲ್ಲಿನ ಮಿಲಿಟರಿ ಅಕಾಡೆಮಿಯಿಂದ ಕೂಗಳತೆಯ ಮನೆಯಲ್ಲಿ ಅಡಗಿದ್ದವನನ್ನು ಅಮೆರಿಕದ ಕಮಾಂಡೋಗಳು ರಾತ್ರೋರಾತ್ರಿ ಬಂದು ಕೊಂದಿದ್ದರು. 2001ರಲ್ಲಿ ಸುಮಾರು 3,000 ಜನರನ್ನು ಕೊಂದ ಸಂಚಿನ ಒಡೆಯ. “ಅಂತೂ ಒಬ್ಬ ರಾಕ್ಷಸ ಹೋದ” ಎಂದೆ ನಾನು.

ನಮ್ಮತ್ತೆ ಪ್ರತಿ ನವರಾತ್ರಿಯಲ್ಲೂ ದೇವೀ ಮಹಾತ್ಮೆಯ ಪಾರಾಯಣ ಮಾಡಿದವರು. ಹಿಟ್ಟಿನ ಕೈಯಲ್ಲೇ ನನ್ನನ್ನು ನೋಡಿ, “ಮಹಿಷನನ್ನ ಕೊಂದ ಮೇಲೂ ಪುಸ್ತಕ ಮುಗಿಯೋದಿಲ್ಲ ಕಣೇ. ಮುಂದೆ ಶುಂಭ ನಿಶುಂಭರು ಬರ್ತಾರೆ. ಅವರ ಕಡೆಯವನು ರಕ್ತಬೀಜ. ಅವನದು ಒಂದೊಂದು ತೊಟ್ಟು ರಕ್ತ ನೆಲಕ್ಕೆ ಬಿದ್ದರೂ ಅಲ್ಲೊಬ್ಬ ಎದ್ದು ನಿಲ್ತಾನೆ” ಎಂದರು. ಆಮೇಲೆ, “ಬಿಸಿಲೇರ್ತಿದೆ, ಬೇಗ ಬೇಗ ಇಡು” ಎಂದು ಬೈದರು.

ಅತ್ತೆಯ ಮಾತು ನನ್ನನ್ನು ಬಿಡಲಿಲ್ಲ. ನಂತರ ಪತ್ರಿಕೆ ಓದುವಾಗಲೆಲ್ಲ ಇವನು ಮಹಿಷನೋ ರಕ್ತಬೀಜನೋ ಎಂದು ಕೇಳಿಕೊಳ್ಳುವ ಅಭ್ಯಾಸವಾಯಿತು. ಬಿನ್ ಲಾಡೆನ್ ಹೋದ ಮೇಲೆ ಅವನ ಜಾಗಕ್ಕೆ ಈಜಿಪ್ಟಿನ ಜವಾಹಿರಿ ಬಂದ, ಓದಿದ್ದು ಡಾಕ್ಟರಿಕೆ! ಅವನನ್ನು 2022ರಲ್ಲಿ ಕಾಬೂಲಿನಲ್ಲಿ ಕೊಂದರು. ಇರಾಕಿನಲ್ಲಂತೂ ಇದು ಹಾಜರಿ ಕೂಗಿದ ಹಾಗೆ. ಅಲ್ಲಿ ಜರ್ಕಾವಿ ಎಂಬುವನನ್ನು 2006ರಲ್ಲಿ ಬಾಂಬು ಹಾಕಿ ಕೊಂದರು. ಅವನ ನಂತರ ಬಂದ ಇಬ್ಬರನ್ನು 2010ರಲ್ಲಿ ಒಂದೇ ದಿನ ಕೊಂದರು. ಮುಗಿಯಿತು ಎಂದುಕೊಳ್ಳುವಷ್ಟರಲ್ಲಿ ಅದೇ ಗುಂಪಿಗೆ ಬಗ್ದಾದಿ ಎಂಬುವನು ನಾಯಕನಾದ. 2014ರಲ್ಲಿ ಮೊಸೂಲ್ ನಗರವನ್ನೇ ಹಿಡಿದು ತಾನೇ ಖಲೀಫ ಎಂದು ಸಾರಿದ. ಮೊದಲಿನವರು ಯಾರೂ ಅಷ್ಟು ಬೆಳೆದಿರಲಿಲ್ಲ. ಅವನು 2019ರಲ್ಲಿ ಸತ್ತ. ಅವನ ನಂತರದವನು 2022ರ ಫೆಬ್ರವರಿಯಲ್ಲಿ, ಅವನ ನಂತರದವನು ಅದೇ ವರ್ಷ ಅಕ್ಟೋಬರಿನಲ್ಲಿ ಸತ್ತರು. ಖಲೀಫನ ರಾಜ್ಯ ಹೋಯಿತು, ಆ ಹೆಸರಿನ ಕೊಲೆಗಳು ಬೇರೆ ಬೇರೆ ದೇಶಗಳಲ್ಲಿ ನಡೆದೇ ಇದ್ದವು.

ಹಾಗಾದರೆ ಒಬ್ಬನನ್ನು ಹಿಡಿದರೆ ಮುಗಿಯುವುದೇ ಇಲ್ಲವೇ? ಉಂಟು. ಮಹಿಷನ ಜಾತಿಯವನೊಬ್ಬನ ಕಥೆ ಓದಿದ್ದೇನೆ. ದಕ್ಷಿಣ ಅಮೆರಿಕದ ಪೆರು ದೇಶದಲ್ಲಿ ಅಬಿಮಾಯೆಲ್ ಗುಸ್ಮಾನ್ ಎಂಬ ತತ್ವಶಾಸ್ತ್ರದ ಮೇಷ್ಟರಿದ್ದ. ಹೌದು, ನಮ್ಮ ಕಸುಬಿನವನೇ. ಅವನ ಪಾಠ ಕೇಳಿದ ಅನೇಕರು ಶಾಲಾ ಮಾಸ್ತರರಾಗಿ ಬೆಟ್ಟದ ಹಳ್ಳಿಗಳಿಗೆ ಹೋಗಿ ಅವನ ಪಕ್ಷಕ್ಕೆ ಜನ ಸೇರಿಸಿದರು. ‘ಹೊಳೆಯುವ ದಾರಿ’ ಎಂದು ಹೆಸರು. ನಡೆದದ್ದು ಮಾತ್ರ ಕತ್ತಲಲ್ಲಿ. 1980ರಲ್ಲಿ ಒಂದು ಹಳ್ಳಿಯ ಮತಪೆಟ್ಟಿಗೆ ಸುಟ್ಟು ಶುರುಮಾಡಿದರು. ಎರಡು ಕಡೆಯ ಹಿಂಸೆಯಲ್ಲಿ ಸತ್ತವರು ಮತ್ತು ಕಾಣೆಯಾದವರು ಸುಮಾರು 69,000 ಎಂದು ಅಲ್ಲಿನ ಸತ್ಯಶೋಧನಾ ಆಯೋಗ 2003ರಲ್ಲಿ ಲೆಕ್ಕ ಕೊಟ್ಟಿತು.

ಅವನು ಸಿಕ್ಕಿಬಿದ್ದ ರೀತಿ ಹೆಂಗಸರು ಕೇಳಬೇಕಾದ್ದು. ರಾಜಧಾನಿ ಲಿಮಾದಲ್ಲಿ ಒಂದು ಮನೆ. ಕೆಳಗೆ ನೃತ್ಯದ ಶಾಲೆ. ಪೊಲೀಸರು ಕಸದವರ ವೇಷ ಹಾಕಿ ಆ ಮನೆಯ ಕಸ ಹೊತ್ತೊಯ್ದು ಸೋಸಿದರು. ಅಲ್ಲಿ ಇರುವವರೆಂದು ಹೇಳಿಕೊಂಡವರಿಗೆ ಮೀರಿದ ಕಸ. ಅದರಲ್ಲಿ ಗುಸ್ಮಾನ್ ಸೇದುವ ಸಿಗರೇಟಿನ ತುಂಡು, ಅವನ ಚರ್ಮರೋಗಕ್ಕೆ ಹಚ್ಚುವ ಮುಲಾಮಿನ ಟ್ಯೂಬು! ಮನೆಯ ಗುಟ್ಟು ಕಸದ ಬುಟ್ಟಿಗೆ ಗೊತ್ತು ಎನ್ನುವುದನ್ನು ಮನೆ ಗುಡಿಸುವ ನಾವಾದರೆ ಮೊದಲೇ ಹೇಳಿಬಿಡುತ್ತಿದ್ದೆವು. 1992ರ ಸೆಪ್ಟೆಂಬರ್ 12ರ ರಾತ್ರಿ ಅವನನ್ನು ಜೀವಸಹಿತ ಹಿಡಿದರು. ಮರು ವರ್ಷ ಜೈಲಿನಿಂದಲೇ ಅವನು ಶಾಂತಿಯ ಮಾತುಕತೆಗೆ ಕರೆ ಕೊಟ್ಟ. ಆ ಸಂಘಟನೆ ಮತ್ತೆ ಮೊದಲಿನಂತೆ ತಲೆಯೆತ್ತಲಿಲ್ಲ. 2021ರಲ್ಲಿ ಅವನು ಜೈಲಿನಲ್ಲೇ ಮುದುಕನಾಗಿ ಸತ್ತ.

ಅಲ್ಲಿ ಹೇಗೆ ಮುಗಿಯಿತು? ಎಲ್ಲವೂ ಅವನೊಬ್ಬನ ಮೇಲೆ ನಿಂತಿತ್ತು ಎಂಬುದು ಒಂದು. ಜೀವಂತ ಸಿಕ್ಕಿದ್ದರಿಂದ ಅವನು ಹುತಾತ್ಮನಾಗಲಿಲ್ಲ, ಶಾಂತಿಯ ಮಾತನ್ನು ಅವನ ಬಾಯಿಂದಲೇ ಜನ ಕೇಳಿದರು ಎಂಬುದು ಇನ್ನೊಂದು. ಎಲ್ಲಕ್ಕಿಂತ ಮುಖ್ಯವಾಗಿ, ಯಾರ ಉದ್ಧಾರಕ್ಕೆಂದು ಅವನು ಹೊರಟಿದ್ದನೋ ಆ ಬೆಟ್ಟದ ರೈತರೇ ಅವನ ಕಡೆಯವರ ಕ್ರೌರ್ಯಕ್ಕೆ ರೋಸಿ, ಹಳ್ಳಿ ಹಳ್ಳಿಯಲ್ಲಿ ಕಾವಲು ಕಟ್ಟಿ ಎದುರು ನಿಂತಿದ್ದರು. ತೊಟ್ಟು ಬಿದ್ದರೆ ಮೊಳೆಯುವ ನೆಲ ಅಲ್ಲಿರಲಿಲ್ಲ. ಅತ್ತೆಯ ಪುಸ್ತಕದಲ್ಲೂ ರಕ್ತಬೀಜ ಸತ್ತದ್ದು ಹಾಗೇ ಅಲ್ಲವೇ? ಕತ್ತಿ ಎಷ್ಟು ಬೀಸಿದರೂ ಸಾಯಲಿಲ್ಲ. ಕಾಳಿ ಬಾಯಿ ಚಾಚಿ, ತೊಟ್ಟು ರಕ್ತವೂ ನೆಲಕ್ಕೆ ಬೀಳದಂತೆ ನೋಡಿಕೊಂಡ ಮೇಲೆ ಸತ್ತ.

ಇಷ್ಟನ್ನೂ ಪುಸ್ತಕ, ಪತ್ರಿಕೆಗಳಿಂದ ತಿಳಿದುಕೊಂಡೆ. ಇನ್ನೊಂದನ್ನು ತಿಳಿದುಕೊಂಡದ್ದು ನನ್ನದೇ ತರಗತಿಯಲ್ಲಿ. ಹೇಳಿಕೊಳ್ಳಲು ನಾಚಿಕೆಯಾದರೂ ಹೇಳಬೇಕು. ಮಕ್ಕಳ ತುಂಟತನಕ್ಕೂ ಭಯೋತ್ಪಾದಕರ ಕೊಲೆಗೂ ಯಾವ ಹೋಲಿಕೆಯೂ ಇಲ್ಲ, ನನಗೆ ಗೊತ್ತು. ಹೋಲಿಕೆ ಇರುವುದು ‘ಒಬ್ಬನನ್ನು ತೆಗೆದರೆ ಸರಿಹೋಗುತ್ತದೆ’ ಎಂದುಕೊಳ್ಳುವ ನಮ್ಮ ಬುದ್ಧಿಯಲ್ಲಿ.

ಎಷ್ಟೋ ವರ್ಷಗಳ ಹಿಂದೆ ಒಂಬತ್ತನೆಯ ತರಗತಿಯಲ್ಲಿ ಎರಡು ಸಲ ಫೇಲಾದ ಉದ್ದನೆಯ ಹುಡುಗನೊಬ್ಬನಿದ್ದ. ಅವನ ಸುತ್ತ ನಾಲ್ಕೈದು ಜನ. ಸಣ್ಣ ಮಕ್ಕಳಿಂದ ದುಡ್ಡು ಕೀಳುವುದು, ಟೀಚರುಗಳ ಸೈಕಲ್ ಗಾಳಿ ತೆಗೆಯುವುದು. ಒಂದು ದಿನ ಒಬ್ಬ ಪುಟ್ಟ ಹುಡುಗನಿಗೆ ಹಲ್ಲು ಮುರಿಯುವ ಹಾಗೆ ಹೊಡೆದರು. ಸ್ಟಾಫ್ ಮೀಟಿಂಗಿನಲ್ಲಿ ಅವನಿಗೆ ಟಿ.ಸಿ. ಕೊಡಲೇಬೇಕೆಂದು ಹಟ ಹಿಡಿದವಳು ನಾನು. ಹೊಡೆತ ತಿಂದ ಮಗುವಿನ ತಾಯಿಗೆ ನ್ಯಾಯ ಬೇಕಿತ್ತು, ಅದು ಸುಳ್ಳಲ್ಲ. ಟಿ.ಸಿ. ಹೋಯಿತು. ಒಂದು ತಿಂಗಳು ತರಗತಿ ದೇವಸ್ಥಾನದ ಹಾಗಿತ್ತು.

ದಸರಾ ರಜೆ ಮುಗಿದ ಮೇಲೆ ಮತ್ತೆ ಸಣ್ಣ ಮಕ್ಕಳ ದುಡ್ಡು ಹೋಗತೊಡಗಿತು. ಈ ಸಲ ಮುಂದಾಳು ಎರಡನೆಯ ಬೆಂಚಿನ ಒಬ್ಬ ಸಣಕಲ ಹುಡುಗ. ಯಾರೂ ಅವನನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ. ಮೊದಲಿನವನು ಎದುರಿಗೇ ಹೊಡೆಯುತ್ತಿದ್ದ, ಇವನು ಸದ್ದಿಲ್ಲದೆ ಹೆದರಿಸುತ್ತಿದ್ದ. ಆಗ ನಾನು ಆ ಗುಂಪಿನ ಹುಡುಗರನ್ನು ಒಬ್ಬೊಬ್ಬರನ್ನಾಗಿ ಕೂರಿಸಿಕೊಂಡು ಮಾತಾಡಿಸಿದೆ. ಒಬ್ಬನಿಗೂ ಕನ್ನಡದ ಒಂದು ಪ್ಯಾರಾ ತಡವರಿಸದೆ ಓದಲು ಬರುತ್ತಿರಲಿಲ್ಲ! ನಾನು ದಿನವೂ ಅವರನ್ನು ಎಬ್ಬಿಸಿ ಗಟ್ಟಿಯಾಗಿ ಓದಿಸುತ್ತಿದ್ದೆ. ತಪ್ಪಿದಾಗ ತರಗತಿಯೆಲ್ಲ ನಗುತ್ತಿತ್ತು. ಒಮ್ಮೊಮ್ಮೆ ನಾನೂ ನಕ್ಕಿದ್ದೆ.

ನಗುವುದನ್ನು ನಿಲ್ಲಿಸಿದೆ. ಶಾಲೆ ಬಿಟ್ಟ ಮೇಲೆ ಅರ್ಧ ಗಂಟೆ ಕೂರಿಸಿಕೊಂಡು ಓದು ಕಲಿಸಿದೆ. ಎಲ್ಲ ಸರಿಹೋಯಿತು ಎಂದು ಬರೆಯಲು ಆಸೆ. ಇಬ್ಬರು ಶಾಲೆ ಬಿಟ್ಟೇ ಹೋದರು, ಮೂವರು ಉಳಿದುಕೊಂಡರು. ದುಡ್ಡು ಕೀಳುವುದು ಮಾತ್ರ ನಿಂತಿತು.

ಟಿ.ಸಿ. ಕೊಟ್ಟಿದ್ದ ಹುಡುಗ ಎಂಟು ಹತ್ತು ವರ್ಷಗಳ ಮೇಲೆ ಬಸ್ ನಿಲ್ದಾಣದಲ್ಲಿ ಸಿಕ್ಕಿದ. ನನ್ನ ಬ್ಯಾಗನ್ನು ತಾನೇ ತೆಗೆದು ಬಸ್ಸಿಗಿಟ್ಟ. ಮಂಡಿಯಲ್ಲಿ ಕೊಬ್ಬರಿ ಮೂಟೆ ಹೊರುತ್ತಿದ್ದಾನಂತೆ, ಒಂದು ಹೆಣ್ಣುಮಗುವಂತೆ. ಬಸ್ಸು ಹೊರಡುವ ಮುಂಚೆ ಕಿಟಕಿಯ ಹತ್ತಿರ ಬಂದು ಕೇಳಿದ, “ಮಿಸ್, ನಾನು ಹೋದ್ಮೇಲೆ ಕ್ಲಾಸು ಸರಿಹೋಯ್ತಾ?”

ಅದರಲ್ಲಿ ಕುಹಕವಿರಲಿಲ್ಲ. ನಿಜವಾಗಿಯೂ ತಿಳಿದುಕೊಳ್ಳಲು ಕೇಳಿದ್ದ. “ಇಲ್ಲ ಕಣಪ್ಪ” ಎಂದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹೋಗ್ಲಿ ಬಿಡಿ ಮಿಸ್” ಎಂದು ನನಗೇ ಸಮಾಧಾನ ಹೇಳಿದ.

ಮಾರನೆಯ ದಿನ ಒಂಬತ್ತನೆಯ ತರಗತಿಗೆ ಹೋದವಳು ಮೊದಲು ಆ ಹುಡುಗಿಯನ್ನು ನೋಡಿ, “ನಿನ್ನೆ ನಿನಗೆ ತಪ್ಪು ಉತ್ತರ ಹೇಳಿದೆ” ಎಂದೆ. ತೂಕಡಿಸುತ್ತಿದ್ದವರೂ ತಲೆ ಎತ್ತಿದರು. ಮಿಸ್ಸು ತಪ್ಪು ಒಪ್ಪಿಕೊಳ್ಳುವುದು ಎಂದರೆ ಸುಮ್ಮನೆಯೇ?

“ಆ ಮೂವರು ಮಾಡಿದ್ದಕ್ಕೆ ಲೆಕ್ಕ ತೀರಿತು. ಗಂಡನನ್ನ ಕಳೆದುಕೊಂಡವರಿಗೆ ಅಷ್ಟಾದರೂ ಸಿಗಬೇಕಿತ್ತು, ಸಿಕ್ಕಿತು. ಆದ್ರೆ ಇನ್ನೊಬ್ಬ ಬರದೆ ಇರೋದಕ್ಕೆ ಅದೊಂದೇ ಸಾಲದು” ಎಂದೆ.

“ಮತ್ತೆ ಏನು ಮಾಡ್ಬೇಕು ಮಿಸ್?”

ಅದಕ್ಕೆ ಒಂದು ವಾಕ್ಯದ ಉತ್ತರ ನನ್ನ ಹತ್ತಿರ ಇಲ್ಲ. ಅಂಕದ ನಿಯಮದ ಕಥೆ ಹೇಳಿದೆ, ಸುಟ್ಟ ಲೈಬ್ರರಿಯ ಕಥೆ ಹೇಳಿದೆ, ರಸ್ತೆ ಬದಿಯಲ್ಲಿ ಫೋಟೋ ಹಿಡಿದು ಕುಳಿತ ತಾಯಂದಿರ ಕಥೆ ಹೇಳಿದೆ. ಹಿಂದಿನ ಬೆಂಚಿನಲ್ಲಿ ಎಂದೂ ಬಾಯಿ ಬಿಡದ ಹುಡುಗನೊಬ್ಬ, “ಪುಸ್ತಕ ಯಾಕೆ ಸುಟ್ರು ಮಿಸ್, ಅವೇನು ಮಾಡಿದ್ವು?” ಎಂದು ಕೇಳಿದ. ಹೇಳತೊಡಗಿದೆ. ಅರ್ಧದಲ್ಲಿ ಗಂಟೆ ಹೊಡೆಯಿತು.

ಪಾಠ ಅವತ್ತೂ ಮುಗಿಯಲಿಲ್ಲ.